ಬೈಲುಕುಪ್ಪೆಯ ಕೊರಳಲ್ಲಿ ಖುರಾಸಾನದ ಕಲ್ಲು

ಟಿಬೆಟನ್ನರ ಹೊಸವರ್ಷವಾದ ಲೋಸರ್ ಹಬ್ಬದ ದಿನ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ ಹೋದರೆ, ಟಿಬೆಟನ್ ಮನೆಗಳ ಪೆಟ್ಟಿಗೆಯಲ್ಲಿ ವರ್ಷವಿಡೀ ಮಲಗಿದ್ದ ಆಭರಣಗಳು ಹಿರಿಯ ಹೆಂಗಸರ ಕೊರಳಿಗೆ ಬಂದಿರುತ್ತವೆ. ಕೆಂಪು ಹವಳ, ಹಳದಿ ಅಂಬರ್, ಅವುಗಳ ನಡುವೆ ನೀಲಿಯೂ ಅಲ್ಲದ ಹಸಿರೂ ಅಲ್ಲದ ಒಂದು ಕಲ್ಲು. ನಮ್ಮ ಚಿನಿವಾರರು ಅದನ್ನು ಫಿರೋಜಾ ಎನ್ನುತ್ತಾರೆ. ಹತ್ತಿರದಿಂದ ನೋಡಿದರೆ ಅದರ ಮೈಮೇಲೆ ಕೂದಲೆಳೆಯಂಥ ಕಪ್ಪು ಗೆರೆಗಳು ಕಾಣುತ್ತವೆ. ಮೈಗೆ ತಾಗುವ ಕಡೆ ಬಣ್ಣ ಹಸಿರಿಗೆ ತಿರುಗಿರುತ್ತದೆ. ಈ ಕಲ್ಲು ಎಣ್ಣೆ, ಬೆವರು ಹೀರುತ್ತದೆ. ತೊಟ್ಟವರ ಮೈ ಅದರೊಳಗೆ ಇಳಿಯುತ್ತದೆ. ಮನುಷ್ಯನ ಜೀವಶಕ್ತಿಯೇ ಫಿರೋಜಾದಲ್ಲಿ ನೆಲೆಸುತ್ತದೆ ಎಂಬ ನಂಬಿಕೆ ಟಿಬೆಟಿನಲ್ಲಿ ಬಹಳ ಹಳೆಯದು.

ಕಲ್ಲು ಎಲ್ಲಿಯದು? ಎಲ್ಲವೂ ಒಂದೇ ಕಡೆಯದಲ್ಲ. ಟಿಬೆಟಿನಲ್ಲಿ ಸಿಕ್ಕಿದ್ದೂ ಇದೆ, ಚೀನಾದಿಂದ ಬಂದದ್ದೂ ಇದೆ. ಆದರೆ ಕಾಶ್ಮೀರ, ಲಡಾಖಿನ ವ್ಯಾಪಾರಿಗಳ ಮೂಟೆಗಳಲ್ಲಿ ಲ್ಹಾಸಾ ಮುಟ್ಟಿದ ಪರ್ಷಿಯಾದ ಕಲ್ಲಿಗೆ ಶತಮಾನಗಳ ಕಾಲ ವಿಶೇಷ ಬೆಲೆಯಿತ್ತು. ಷಿಕಾಗೋದ ಫೀಲ್ಡ್ ಮ್ಯೂಸಿಯಂನ ವಿದ್ವಾಂಸ ಬರ್ತೋಲ್ಡ್ ಲೌಫರ್ 1913ರಲ್ಲಿ ಭಾರತ, ಟಿಬೆಟ್, ಚೀನಾಗಳ ಫಿರೋಜಾದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಆಭರಣ ತೊಟ್ಟವರ ಬಗ್ಗೆ, ಮಾರಿದವರ ಬಗ್ಗೆ ಇಂಥ ಬರಹ ಸಾಕಷ್ಟಿದೆ. ನನ್ನನ್ನು ಹಿಡಿದಿಟ್ಟಿರುವುದು ಅಗೆದವರ ಕಥೆ.

ಪರ್ಷಿಯಾದ, ಅಂದರೆ ಇಂದಿನ ಇರಾನಿನ, ಈಶಾನ್ಯದಲ್ಲಿ ಖುರಾಸಾನ ಸೀಮೆ, ಅಲ್ಲಿ ಕವಿ ಒಮರ್ ಖಯ್ಯಾಮ್ ಹುಟ್ಟಿದ ನಿಶಾಪುರ. ಊರಿನಿಂದ ಐವತ್ತು ಕಿಲೋಮೀಟರ್ ಆಚೆ, ವಾಯವ್ಯದ ಗುಡ್ಡಗಳಲ್ಲಿ ಮಾದನ್ ಎಂಬ ಹಳ್ಳಿ. ಮಾದನ್ ಎಂದರೆ ಗಣಿ; ಗಣಿಯೇ ಆ ಹಳ್ಳಿಯ ಹೆಸರು, ಗಣಿಯೇ ಅದರ ಬೇಸಾಯ. ಹತ್ತು-ಹನ್ನೊಂದನೇ ಶತಮಾನದ ವಿದ್ವಾಂಸ ಅಲ್ ಬಿರೂನಿ ರತ್ನಗಳ ಬಗ್ಗೆ ಬರೆದ ಗ್ರಂಥದಲ್ಲೂ ಹದಿಮೂರನೇ ಶತಮಾನದ ನಾಸಿರುದ್ದೀನ್ ತೂಸಿಯ ಗ್ರಂಥದಲ್ಲೂ ನಿಶಾಪುರದ ಫಿರೋಜಾ ಇದೆ. ಹದಿನೇಳನೇ ಶತಮಾನದಲ್ಲಿ ನಮ್ಮ ಗೋಲ್ಕೊಂಡದ ವಜ್ರದ ಗಣಿಗಳನ್ನು ನೋಡಿ ಬರೆದ ಫ್ರೆಂಚ್ ವ್ಯಾಪಾರಿ ತಾವರ್ನಿಯೇ, ನಿಶಾಪುರದ ಬಳಿಯ ಹಳೆಯ ಗಣಿಯ ಕಲ್ಲನ್ನು ಪರ್ಷಿಯಾದ ದೊರೆ ತನಗಾಗಿಯೇ ಕಾದಿರಿಸಿಕೊಂಡಿದ್ದಾನೆ ಎಂದು ದಾಖಲಿಸಿದ.

ಗಣಿಯೊಳಗಿನ ವಿವರ ನಮಗೆ ದಕ್ಕಿರುವುದು ಆಲ್ಬರ್ಟ್ ಹೌಟಮ್ ಷಿಂಡ್ಲರ್ ಎಂಬ ಅಧಿಕಾರಿಯಿಂದ. 1882ರಲ್ಲಿ ಪರ್ಷಿಯಾದ ದೊರೆ ನಾಸಿರುದ್ದೀನ್ ಷಾ ಗಣಿಗಳನ್ನು ತನ್ನ ಮಂತ್ರಿಯೊಬ್ಬನಿಗೆ ಗುತ್ತಿಗೆ ಕೊಟ್ಟಾಗ ಅವುಗಳ ಮೇಲ್ವಿಚಾರಣೆ ಷಿಂಡ್ಲರ್ ಪಾಲಿಗೆ ಬಂತು. ಅವನ ವರದಿ 1884ರಲ್ಲಿ ಅಚ್ಚಾದದ್ದು ಕಲ್ಕತ್ತಾದಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಪತ್ರಿಕೆಯಲ್ಲಿ.

ಫಿರೋಜಾ ಆಳದ ಕಲ್ಲಲ್ಲ. ತಾಮ್ರ, ಅಲ್ಯೂಮಿನಿಯಂ, ಫಾಸ್ಫೇಟ್ ಬೆರೆತ ನೀರು ಹಳೆಯ ಜ್ವಾಲಾಮುಖಿ ಶಿಲೆಯ ಬಿರುಕುಗಳಲ್ಲಿ ಇಳಿದು ಹೆಪ್ಪುಗಟ್ಟಿದಾಗ ಅದು ಹುಟ್ಟುತ್ತದೆ. ಹಾಗಾಗಿ ಕಲ್ಲು ಎಲ್ಲಿ ಸಿಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬ ಲೆಕ್ಕವಿಲ್ಲ. ಬಿರುಕು ಹೋದ ಕಡೆ ಗಣಿಯವನೂ ಹೋಗಬೇಕು, ಮೈ ತೂರದ ಕಡೆ ತೆವಳಬೇಕು. ಬಾವಿಯಂಥ ಗುಂಡಿಯ ಬಾಯಲ್ಲಿ ಮರದ ಚಕ್ರ. ಅದನ್ನು ತಿರುಗಿಸುವುದು ಕೈಯಿಂದಲ್ಲ, ಕಾಲಿನಿಂದ. ಪಾದದಿಂದ ಒದೆದು ಒದೆದು, ಕೆಳಗೆ ಒಡೆದ ಬಂಡೆ ತುಂಬಿದ ಚರ್ಮದ ಚೀಲವನ್ನು ಮೇಲಕ್ಕೆ ಎಳೆಯುತ್ತಿದ್ದರು. ಮೇಲೆ ಸುತ್ತಿಗೆ ಹಿಡಿದವರು ಒಂದೊಂದು ತುಂಡನ್ನೂ ಒಡೆದು ನೀಲಿ ಹುಡುಕುತ್ತಿದ್ದರು. ಒಂದು ಏಟು ಜೋರಾದರೆ ಉಂಗುರದ ಕಲ್ಲು ಪುಡಿಯ ಲೆಕ್ಕಕ್ಕೆ ಸೇರಿತು.

ಹಿಂದೆ ಗುದ್ದಲಿಯೇ ಆಯುಧ. ಆಮೇಲೆ ಸಿಡಿಮದ್ದು ಬಂತು. ಕೆಲಸ ಬೇಗ ಸಾಗಿತು, ಬಂಡೆ ಹೆಚ್ಚು ಬಿತ್ತು, ಕಲ್ಲು ಮಾತ್ರ ಚೂರಾಗತೊಡಗಿತು. ಗುದ್ದಲಿಯವನು ದಿನವೆಲ್ಲ ಬಿಡಿಸಿ ತೆಗೆಯುತ್ತಿದ್ದ ಇಡೀ ಕಲ್ಲು ಈಗ ಕ್ಷಣದಲ್ಲಿ ಹತ್ತು ಹೋಳು. ಗುತ್ತಿಗೆದಾರನಿಗೆ ವರ್ಷದ ಗುತ್ತಿಗೆ ಹಣ ಹುಟ್ಟಿದರೆ ಸಾಕು. ಗಣಿ ನಾಳೆಗೂ ಉಳಿಯಬೇಕೆಂಬ ಚಿಂತೆ ಅವನಿಗಿಲ್ಲ. ಸುರಂಗದ ಚಾವಣಿಗೆ ಆಸರೆಯಾಗಿ ಬಿಟ್ಟಿದ್ದ ಕಂಬಗಳಲ್ಲೂ ಕಲ್ಲು ಇದೆಯೆಂದು ಅವನ್ನೂ ಕಡಿದರು. ಹಳೆಯ ಗಣಿಗಳು ಕುಸಿದು ಮುಚ್ಚಿಹೋದವು. ಅತ್ಯುತ್ತಮ ಕಲ್ಲಿಗೆ ಹೆಸರಾದ ಅಬು ಇಸ್ಹಾಕಿ ಎಂಬ ಗಣಿಯೂ ಈ ದುರ್ಗತಿಯಿಂದ ತಪ್ಪಿಸಿಕೊಳ್ಳಲಿಲ್ಲ. ಕುಸಿದ ಗಣಿಯ ಲೆಕ್ಕ ವರದಿಯಲ್ಲಿ ಸಿಗುತ್ತದೆ. ಅದರೊಳಗಿದ್ದವರ ಹೆಸರು ಸಿಗುವುದಿಲ್ಲ. ಇದನ್ನು ಓದುವಾಗ ಕೋಲಾರದ ಸುರಂಗಗಳು ನೆನಪಾಗದ ಕನ್ನಡಿಗರಿಲ್ಲ.

ಸುರಂಗವಲ್ಲದೆ ಇನ್ನೊಂದು ಬಗೆಯ ಗಣಿಯೂ ಇತ್ತು. ಗುಡ್ಡದಿಂದ ಕೊಚ್ಚಿಬಂದ ಮಣ್ಣನ್ನು ಅಗೆದು, ಸೋಸಿ, ಅದರಲ್ಲಿ ಕಲ್ಲು ಹೆಕ್ಕುವುದು. ಇವುಗಳಿಗೆ ಖಾಕಿ, ಅಂದರೆ ಮಣ್ಣಿನ ಗಣಿಗಳೆಂದು ಹೆಸರು. ಮಳೆ ಬಿಸಿಲಿಗೆ ಶತಮಾನಗಳ ಕಾಲ ಒಡ್ಡಿಕೊಂಡ ಈ ಕಲ್ಲುಗಳ ಬಣ್ಣ ಗಟ್ಟಿಯೆಂದು ವ್ಯಾಪಾರಿಗಳೇ ಒಪ್ಪುತ್ತಿದ್ದರು. ಬಣ್ಣದ ಭಯ ಸಣ್ಣದಲ್ಲ: ಗಣಿಯಿಂದ ತೆಗೆದಾಗ ಆಕಾಶದಂತೆ ಹೊಳೆಯುವ ಕಲ್ಲು ಒಣಗಿದ ಮೇಲೆ ಮಂಕಾಗುವುದುಂಟು. ಅದಕ್ಕೇ ಮಾರುವ ತನಕ ತೇವದಲ್ಲಿಡುತ್ತಿದ್ದರು. ಕಲ್ಲಿಗೆ ಮೂರು ದರ್ಜೆ. ಉಂಗುರಕ್ಕೆ ಯೋಗ್ಯವಾದದ್ದು ಅಂಗುಷ್ತರಿ, ಮಧ್ಯಮದ್ದು ಬಾರ್‌ಖಾನೆ, ಕೊನೆಯದು ಅರಬಿ. ಊರ ಹಿರಿಯರು ಕೊಂಡು ಮಶ್ಹದ್ ನಗರದ ವ್ಯಾಪಾರಿಗಳಿಗೆ ಮಾರುತ್ತಿದ್ದರು. ಅಲ್ಲಿ ಹೊಳಪು ಪಡೆದ ಮೇಲೆ ಬೆಲೆ ಏರುತ್ತ ಹೋಗುತ್ತಿತ್ತು. ಒಳಗೆ ತೆವಳಿದವನ ಕೂಲಿ ಅದರೊಡನೆ ಏರಲಿಲ್ಲ.

ಹೊಳಪಿನ ಮಾತು ಬಂದಾಗ ಬೈಲುಕುಪ್ಪೆಯಿಂದ ಆಗ್ನೇಯಕ್ಕೆ ಎಚ್.ಡಿ. ಕೋಟೆಯತ್ತ ತಿರುಗಬೇಕು. ಫಿರೋಜಾ ಮೆದು ಕಲ್ಲು, ಗಡಸುತನದ ಅಳತೆಯಲ್ಲಿ ಐದರಿಂದ ಆರು. ರತ್ನಗಳಿಗೆ ಸಾಣೆ ಹಿಡಿಯುವ ಕುರುಂದ ಒಂಬತ್ತು. ಅದಕ್ಕಿಂತ ಮೇಲಿರುವುದು ವಜ್ರವೊಂದೇ. ಪಕ್ಕದ ಸರಗೂರಿನ ಹೆಸರನ್ನೇ ಹೊತ್ತಿರುವ, 300 ಕೋಟಿ ವರ್ಷಕ್ಕೂ ಹಳೆಯದಾದ ಶಿಲಾಸ್ತರಗಳು ಈ ಸೀಮೆಯಲ್ಲಿವೆ. ಕುರುಂದ ಅವುಗಳ ಒಡಲಿನದು. ಕೆಂಪಾಗಿದ್ದರೆ ಅದೇ ಮಾಣಿಕ್ಯ. ಬೆಳಕು ಹಾಯದ, ದುಂಡಗೆ ಉಜ್ಜಿದರೆ ನೆತ್ತಿಯಲ್ಲಿ ಆರು ಕಿರಣದ ನಕ್ಷತ್ರ ಮೂಡುವ ಮೈಸೂರು ಸೀಮೆಯ ಕೆಂಪು ಕಲ್ಲು ಈ ಬಗೆಯದು. ಇಲ್ಲಿ ಸುರಂಗವಿಲ್ಲ, ಷಾ ಇಲ್ಲ. ಉತ್ತ ಹೊಲದಲ್ಲಿ, ಮಳೆ ತೊಳೆದ ದಿಣ್ಣೆಯಲ್ಲಿ ರೈತರು, ಕೂಲಿಯವರು ಕಲ್ಲು ಹೆಕ್ಕಿ ಮಾರುವುದು ಹಳೆಯ ಮೈಸೂರಿನ ರೂಢಿ. ಕುರುಂದದ ಪುಡಿಯನ್ನು ಕರಗಿದ ಅರಗಿಗೆ ಬೆರೆಸಿ ಬಿಲ್ಲೆ ಮಾಡಿದರೆ ಸಾಣೆಚಕ್ರ ಸಿದ್ಧ. ಚಿನಿವಾರನ ಹರಳಿಗೆ ಹೊಳಪು ಕೊಟ್ಟ ಕುರುಂದ ನಮ್ಮ ಕತ್ತಿ, ಕುಡುಗೋಲುಗಳಿಗೂ ಹರಿತ ಕೊಟ್ಟಿದೆ. ಆ ಹೆಕ್ಕುವವರ ಬಗ್ಗೆ ಷಿಂಡ್ಲರ್ ಬರೆದಷ್ಟು ವಿವರವಾಗಿ ಯಾರಾದರೂ ಬರೆದಿದ್ದರೆ ಎಂದು ನನಗೆ ಪದೇ ಪದೇ ಅನ್ನಿಸುತ್ತದೆ.

ಮತ್ತೆ ಕಲ್ಲು ತೊಟ್ಟವರ ಕಡೆಗೆ. 1959ರ ನಂತರ ಹಿಮಾಲಯ ದಾಟಿ ಬಂದ ಟಿಬೆಟನ್ನರಲ್ಲಿ ಬಹಳ ಮಂದಿಗೆ ಇತ್ತ ಸಿಕ್ಕ ಮೊದಲ ಕೆಲಸ ಕಲ್ಲು ಒಡೆಯುವುದು. ಹಿಮಾಚಲ, ಸಿಕ್ಕಿಂಗಳ ಬೆಟ್ಟದ ರಸ್ತೆಗಳಲ್ಲಿ ಗಂಡಸರು, ಹೆಂಗಸರು ಸುತ್ತಿಗೆ ಹಿಡಿದು ಜಲ್ಲಿ ಕುಟ್ಟಿದರು. ಪೀಳಿಗೆಗಳಿಂದ ಬಂದ ಫಿರೋಜಾ, ಹವಳ ಹಿಟ್ಟಿಗೆ, ಔಷಧಿಗೆ, ಬಸ್ಸಿನ ಚಾರ್ಜಿಗೆ ಮಾರಿಹೋಯಿತು. ಆಗಿನ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟ ಮೇಲೆ ಅದೇ ಕೈಗಳು ಮರ ಕಡಿದವು, ಆನೆ ಕಾದವು, ಮುಸುಕಿನ ಜೋಳ ಬಿತ್ತಿದವು. 1969ರಲ್ಲಿ ಬೈಲುಕುಪ್ಪೆಯಲ್ಲೇ ಡಿಕ್ಕಿ ಲಾರ್ಸೋ ಎಂಬ ಇನ್ನೊಂದು ಶಿಬಿರ, 1972ರ ಹೊತ್ತಿಗೆ ಹುಣಸೂರು ತಾಲ್ಲೂಕಿನ ಗುರುಪುರದ ಶಿಬಿರ ಎದ್ದವು. ಇಂದು ಹಬ್ಬದ ದಿನ ಕಾಣುವ ಹಳೆಯ ಕಲ್ಲು, ಅಷ್ಟೆಲ್ಲ ಹಸಿವಿನ ನಡುವೆಯೂ ಯಾರೋ ಮಾರದೆ ಉಳಿಸಿದ್ದು. ಅದರ ಬೆಲೆಯನ್ನು ನಾನು ಅಲ್ಲಿಂದಲೇ ಲೆಕ್ಕ ಹಾಕುತ್ತೇನೆ.

ಪ್ರವಾಸಿಗರಿಗೆ ಅಗ್ಗದ ಬೆಲೆಗೆ ಸಿಗುವ ನೀಲಿ ಮಣಿಗಳ ವಿಷಯ ಬೇರೆ. ಜಗತ್ತಿನ ಮಾರುಕಟ್ಟೆಯಲ್ಲಿ ಫಿರೋಜಾ ಹೆಸರಿನಲ್ಲಿ ಓಡಾಡುವ ಎಷ್ಟೋ ಮಣಿಗಳು ನೀಲಿ ಬಣ್ಣ ಕುಡಿಸಿದ ಮ್ಯಾಗ್ನಸೈಟ್ ಅಥವಾ ಹೌಲೈಟ್. ಮ್ಯಾಗ್ನಸೈಟ್ ನಮಗೆ ಅಪರಿಚಿತವಲ್ಲ. ಮೈಸೂರು ತಾಲ್ಲೂಕಿನ ದೊಡ್ಡಕಾನ್ಯದಲ್ಲಿ ಕುಲುಮೆಯ ಇಟ್ಟಿಗೆಗೆಂದು ಕಾರ್ಮಿಕರು ಅಗೆದದ್ದು ಅದೇ ಬಿಳಿ ಖನಿಜ. ಕೊಂಡ ಮಣಿಯ ಬಗ್ಗೆ ಅನುಮಾನವಿದ್ದರೆ ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿಯಿಂದ ಮೂಲೆಯಲ್ಲಿ ಉಜ್ಜಿ ನೋಡಬಹುದು, ಹಚ್ಚಿದ ಬಣ್ಣ ಬಹಳ ಸಲ ಹತ್ತಿಗೆ ಅಂಟುತ್ತದೆ. ಮನೆತನದ ಹಳೆಯ ಕಲ್ಲಿನ ಮೇಲೆ ಮಾತ್ರ ಈ ಪ್ರಯೋಗ ಬೇಡ. ಅಸಲಿ ಫಿರೋಜಾ ಆ ದ್ರವವನ್ನೂ ಹೀರಿಕೊಂಡು ಕೆಡುತ್ತದೆ.