ಈಸು ಬಂದರಷ್ಟೇ ಲೈಫ್‌ಗಾರ್ಡ್ ಆಗೋದಿಲ್ಲ

ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ, ಶಿರಹಟ್ಟಿ ಕಡೆಯ ಹೊಳೆಇಟಗಿಯಂಥ ತುಂಗಭದ್ರಾ ದಂಡೆಯ ಊರುಗಳಲ್ಲಿ ಹುಡುಗರು ಸಣ್ಣವರಿದ್ದಾಗಲೇ ಈಸು ಬೀಳುತ್ತಾರೆ. ಗದಗ, ಲಕ್ಷ್ಮೇಶ್ವರದ ಹೊಲಗಳ ಕಡೆ ಸೊಂಟಕ್ಕೆ ಹಗ್ಗ ಕಟ್ಟಿ ಬಾವಿಗಿಳಿಸುವುದೂ ಉಂಟು. ಲೈಫ್‌ಗಾರ್ಡ್ ಕೆಲಸಕ್ಕೆ ಈ ಈಸು ಬುನಾದಿ ಮಾತ್ರ. ಬ್ರಿಟನ್ನಿನಲ್ಲಿ ಈಜುಕೊಳದ ರಕ್ಷಕನಾಗಬೇಕೆಂದರೆ 50 ಮೀಟರನ್ನು 60 ಸೆಕೆಂಡಿನೊಳಗೆ ಈಜಬೇಕು, ಕೊಳದ ತಳ ಮುಟ್ಟಿ ಬರಬೇಕು. ಇದು ತರಬೇತಿಗೆ ಸೇರಿಸಿಕೊಳ್ಳುವ ಮುಂಚಿನ ಪರೀಕ್ಷೆ!

ತರಬೇತಿಯಲ್ಲಿ ಮೊದಲು ಕಲಿಸುವುದು ನೋಡುವುದನ್ನು. ಮುಳುಗುವವರು ಸಿನಿಮಾದಲ್ಲಿ ಕೂಗಿದಂತೆ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಒಂದು ನಿಮಿಷದೊಳಗೆ ಎಲ್ಲ ಮುಗಿದುಹೋಗಬಹುದು. ಕಂಡ ಕೂಡಲೇ ಹಾರುವುದೂ ಸಲ್ಲದು: ಮೊದಲು ಗಳ ಚಾಚು, ಹಗ್ಗವನ್ನೋ ಗಾಳಿ ತುಂಬಿದ ಟ್ಯೂಬನ್ನೋ ಎಸೆ, ಬೇರೆ ದಾರಿಯಿಲ್ಲದಾಗ ತೇಲುಪಟ್ಟಿಯ ಸಮೇತ ಇಳಿ. ಗಾಬರಿಯಾದವನು ಕಾಪಾಡಲು ಬಂದವನ ಕೊರಳನ್ನೇ ಅಪ್ಪುತ್ತಾನೆ.

ದಂಡೆಗೆ ತಂದ ಮೇಲಿನ ಕೆಲಸದಲ್ಲೇ ನಮ್ಮಲ್ಲಿ ಹೆಚ್ಚು ಎಡವಟ್ಟು. ಹೊಟ್ಟೆ ಒತ್ತುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು ಇನ್ನೂ ನಿಂತಿಲ್ಲ. ಹೀಗೆ ಮಾಡಿದರೆ ವಾಂತಿ ಶ್ವಾಸಕೋಶಕ್ಕಿಳಿಯಬಹುದು, ಹೊತ್ತೂ ಹಾಳು. ಉಸಿರು ನಿಂತಿದ್ದರೆ ಯುರೋಪಿನ ಪದ್ಧತಿಯಂತೆ ಮೊದಲು ಐದು ಸಲ ಬಾಯಿಂದ ಉಸಿರು ಊದುತ್ತಾರೆ. ಆಮೇಲೆ ಎದೆಯ ನಡುಭಾಗವನ್ನು 5-6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುತ್ತಾರೆ. 30 ಒತ್ತಿಗೆ ಎರಡು ಉಸಿರು. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಿರಬೇಕು.

ಕೊಳದ ಪ್ರಮಾಣಪತ್ರ ಸಮುದ್ರಕ್ಕೆ ಸಾಲದು. ಮುರ್ಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲಿನಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ದಡಕ್ಕೆ ಬಂದ ಅಲೆಯ ನೀರು ಕಿರಿದಾದ ಜಾಗದಿಂದ ರಭಸವಾಗಿ ಹಿಂದಿರುಗುತ್ತದೆ, ಮೇಲೆ ನೋಡಿದರೆ ಅಲ್ಲೇ ಅಲೆ ಕಡಿಮೆ. ಅದರೆದುರು ಈಜಿ ಗೆದ್ದವರಿಲ್ಲ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಹೊರಬರಬೇಕು. ಈ ಸೆಳೆತ ಗುರುತಿಸುವುದು, ಕೆಂಪು-ಹಳದಿ ಬಾವುಟಗಳ ನಡುವೆ ಜನರನ್ನು ಹಿಡಿದಿಡುವುದು ಬೀಚ್ ರಕ್ಷಕನ ನಿತ್ಯದ ಕೆಲಸ.

ತರಬೇತಿ ಎಲ್ಲಿ? ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿಯ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಿದೆ, ಪುಣೆಯಲ್ಲಿ ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿಯಿದೆ. ಗದಗದಲ್ಲಿ ವಾಸ್ಕೋ ರೈಲು ಹತ್ತಿದರೆ ಗೋವಾ ದೂರವೇನಲ್ಲ. ಸೇರುವ ಮುಂಚೆ ಎರಡು ಮಾತು ಕೇಳಿಕೊಳ್ಳಿ: ಪ್ರಮಾಣಪತ್ರ ಕೊಳಕ್ಕೋ, ಹೊಳೆ-ಕೆರೆಗೋ, ಸಮುದ್ರಕ್ಕೋ? ಎಷ್ಟು ವರ್ಷಕ್ಕೊಮ್ಮೆ ನವೀಕರಣ? ಬ್ರಿಟನ್ನಿನದು ಎರಡೇ ವರ್ಷ ನಡೆಯುತ್ತದೆ.