ರಣಸಾಹಸದ ಕಾದಂಬರಿಗಳು: ಓದಿನ ಒಂದು ವಿನೋದ

ಓದುವುದೆಲ್ಲವೂ ಜ್ಞಾನಾರ್ಜನೆಗಾಗಿಯೇ ಇರಬೇಕೆಂದು ಹಟ ಹಿಡಿದರೆ, ವಾಚನಾಲಯದ ಕಪಾಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮಾಸಿ, ಅಂಚು ಹರಿದು, ಮತ್ತೆ ಮತ್ತೆ ರಟ್ಟು ಕಟ್ಟಿಸಿಕೊಂಡಿರುವ ಪುಸ್ತಕಗಳ ಕುರಿತು ನಾವು ಏನನ್ನೂ ಹೇಳಲಾಗದು. ಅಂಥ ಪುಸ್ತಕಗಳಲ್ಲಿ ರಣಸಾಹಸದ ಕಾದಂಬರಿಗಳದೇ ಒಂದು ದೊಡ್ಡ ಪಂಗಡ. ಹಿರಿಯರು ಇವುಗಳನ್ನು ಕಂಡು ಹುಬ್ಬು ಗಂಟಿಕ್ಕುವುದುಂಟು. ಕಿರಿಯರು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದುವುದೂ ಉಂಟು. ಇವುಗಳ ಸುಖವೆಂಥದು, ಅದು ಹುಟ್ಟುವ ಬಗೆ ಹೇಗೆ, ಅದರ ಮೇರೆ ಯಾವುದು ಎಂಬುದನ್ನು ಒಂದು ಪ್ರಸಿದ್ಧ ಕೃತಿಯನ್ನು ಎದುರಿಗಿಟ್ಟುಕೊಂಡು ವಿಚಾರಿಸೋಣ. ಆ ಕೃತಿ 1957ರಲ್ಲಿ ಪ್ರಕಟವಾದ ‘ದಿ ಗನ್ಸ್ ಆಫ್ ನವರೋನ್’, ಎಂದರೆ ‘ನವರೋನಿನ ಫಿರಂಗಿಗಳು’.

ಇದರ ಕರ್ತೃ ಆಲಿಸ್ಟರ್ ಮೆಕ್ಲೀನ್. 1922ರಲ್ಲಿ ಸ್ಕಾಟ್ಲೆಂಡಿನಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದ ಈತನ ಮನೆಮಾತು ಗೇಲಿಕ್. ಇಂಗ್ಲಿಷು ಆಮೇಲೆ ಕಲಿತ ಭಾಷೆ. ಮನೆಯ ಮಾತೊಂದು, ಕಚೇರಿ-ಪೇಟೆಗಳ ಮಾತು ಇನ್ನೊಂದು ಆಗಿರುವ ಗಡಿನಾಡಿನ ನಮಗೆ ಈ ಸಂಗತಿ ಹೊಸತೆನಿಸದು. ಎರಡನೆಯ ಮಹಾಯುದ್ಧದಲ್ಲಿ ಆತ ಬ್ರಿಟಿಷ್ ನೌಕಾಪಡೆಯ ನಾವಿಕನಾಗಿ ಉತ್ತರಧ್ರುವದ ಹಿಮಸಾಗರದಲ್ಲಿಯೂ ಗ್ರೀಸಿನ ಏಜಿಯನ್ ಸಮುದ್ರದಲ್ಲಿಯೂ ಸೇವೆ ಸಲ್ಲಿಸಿದನು. ಯುದ್ಧಾನಂತರ ಗ್ಲಾಸ್ಗೋ ನಗರದ ಬಳಿಯ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ, 1954ರಲ್ಲಿ ಪತ್ರಿಕೆಯೊಂದರ ಸಣ್ಣ ಕಥೆಯ ಸ್ಪರ್ಧೆಯಲ್ಲಿ ಬಹುಮಾನ ಪಡೆದು ಬರವಣಿಗೆಗೆ ತೊಡಗಿದನು.

ಕಥಾವಸ್ತು ಸರಳವಾದುದು. ನವರೋನ್ ಎಂಬ ದ್ವೀಪ ಯಾವ ಭೂಪಟದಲ್ಲಿಯೂ ಇಲ್ಲ. ಅದು ಏಜಿಯನ್ ಸಮುದ್ರದಲ್ಲಿ ತುರ್ಕಿಯ ಕರಾವಳಿಗೆ ಸಮೀಪವಾಗಿದೆಯೆಂದು ಗ್ರಂಥಕರ್ತನು ಕಲ್ಪಿಸಿದ್ದಾನೆ. ಅಲ್ಲಿಯ ಕಡಿಬಂಡೆಯ ಗುಹೆಯೊಂದರಲ್ಲಿ ಜರ್ಮನರು ಎರಡು ಭಾರಿ ಫಿರಂಗಿಗಳನ್ನು ಹೂಡಿದ್ದಾರೆ. ಹತ್ತಿರದ ಇನ್ನೊಂದು ದ್ವೀಪದಲ್ಲಿ ಸಿಕ್ಕಿಬಿದ್ದಿರುವ 1200 ಮಂದಿ ಬ್ರಿಟಿಷ್ ಸೈನಿಕರನ್ನು ಪಾರುಮಾಡಲು ಬರುವ ಹಡಗುಗಳು ಈ ಫಿರಂಗಿಗಳ ಬಾಯಿಯ ಮುಂದೆಯೇ ಸಾಗಬೇಕು. ವಿಮಾನದ ಬಾಂಬು ಗುಹೆಯನ್ನು ತಟ್ಟದು. ಆದುದರಿಂದ ಐದು ಮಂದಿಯ ಒಂದು ಸಣ್ಣ ತಂಡ ರಾತ್ರಿ ಕಡಲಿನಿಂದ ನೇರವಾಗಿ ಬಂಡೆಯನ್ನೇರಿ, ಕೋಟೆಯನ್ನು ಹೊಕ್ಕು, ಫಿರಂಗಿಗಳನ್ನು ಸಿಡಿಸಿ ಹಾಳುಗೆಡವಬೇಕು.

ಈ ಬಗೆಯ ಕಥೆ ನಮ್ಮನ್ನು ನಿದ್ದೆಗೆಡಿಸಿ ಓದಿಸುವುದೇಕೆ? ಮೊದಲನೆಯದಾಗಿ, ಮಾಡಬೇಕಾದ ಕಾರ್ಯ ಒಂದೇ, ಮತ್ತು ಅದು ಸ್ಪಷ್ಟ. ನಿತ್ಯಜೀವನದಲ್ಲಿ ನಮ್ಮ ಕಾರ್ಯಗಳು ಹತ್ತಾರು. ಯಾವುದು ಮುಗಿಯಿತು, ಯಾವುದು ಉಳಿಯಿತು ಎಂಬುದೇ ತಿಳಿಯದು. ಎರಡನೆಯದಾಗಿ, ಕಾಲದ ಗಡುವು: ಹಡಗುಗಳು ಬರುವ ಹೊತ್ತು ನಿಶ್ಚಿತವಾದುದರಿಂದ ಪ್ರತಿಯೊಂದು ಗಂಟೆಗೂ ಬೆಲೆ ಬರುತ್ತದೆ. ಮೂರನೆಯದಾಗಿ, ಪ್ರತಿಯೊಬ್ಬನಿಗೂ ಒಂದೊಂದು ವಿದ್ಯೆ. ನಾಯಕ ಮ್ಯಾಲರಿ ನ್ಯೂಜಿಲೆಂಡಿನ ಪರ್ವತಾರೋಹಿ, ಮಿಲ್ಲರ್ ಸ್ಫೋಟಕಗಳ ನಿಪುಣ, ಆಂಡ್ರಿಯ ಭೀಮಕಾಯದ ಗ್ರೀಕ್ ವೀರ. ನಾಲ್ಕನೆಯದಾಗಿ, ಒಂದು ವಿಘ್ನ ಕಳೆಯಿತೆನ್ನುವಷ್ಟರಲ್ಲಿ ಮತ್ತೊಂದು ಎದುರಾಗುತ್ತದೆ. ಸಾಲದುದಕ್ಕೆ ತಮ್ಮವರಲ್ಲಿಯೇ ಒಬ್ಬ ದ್ರೋಹಿಯಿದ್ದಾನೆಂಬ ಶಂಕೆ ಬೇರೆ. ಅವನು ಯಾರೆಂಬುದನ್ನು ನಾವಿಲ್ಲಿ ಹೇಳೆವು. ಮುಂದೆ ಓದುವವರ ಸುಖವನ್ನು ಕಸಿಯುವುದು ಸಲ್ಲದು.

ಇವುಗಳ ಜೊತೆಗೆ ಹಗ್ಗ, ಗೂಟ, ಗಾಳಿ, ಅಲೆ, ಸಿಡಿಮದ್ದು ಇವುಗಳ ವಿವರವಾದ ವರ್ಣನೆಯೂ ಇದೆ. ದೊಡ್ಡದೊಂದು ಸುಳ್ಳನ್ನು ನಂಬಿಸಬೇಕಾದರೆ ನೂರು ಸಣ್ಣ ನಿಜಗಳ ಆಧಾರ ಬೇಕು. ಆದರೂ ನಮ್ಮ ನಂಬಿಕೆ ಆಟದ ನಂಬಿಕೆಯೇ. ಮೆಕ್ಲೀನನ ಇನ್ನೊಂದು ಕಥೆಯಾದ ‘ವೇರ್ ಈಗಲ್ಸ್ ಡೇರ್’ 1968ರಲ್ಲಿ ಚಲನಚಿತ್ರವಾಗಿ ತೆರೆಗೆ ಬಂದಿತು. ಮಹಾಯುದ್ಧದ ನಡುವೆ ನಡೆಯುವ ಆ ಕಥೆಯ ಚಿತ್ರದಲ್ಲಿ ಕಾಣುವ ಹೆಲಿಕಾಪ್ಟರಿನ ಮಾದರಿ ಮೊತ್ತಮೊದಲು ಹಾರಿದ್ದು ಯುದ್ಧ ಮುಗಿದ ಮೇಲೆ, 1945ರ ಡಿಸೆಂಬರಿನಲ್ಲಿ! ಬಲ್ಲವರು ನಕ್ಕರು, ನಗುತ್ತಲೇ ಮುಂದೆ ನೋಡಿದರು.

ಇನ್ನು ನವರೋನಿನ ಹಿಂದಿರುವ ನಿಜವಾದ ಚರಿತ್ರೆಯನ್ನು ನೋಡೋಣ. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದಾಗ ಬ್ರಿಟಿಷರು ಏಜಿಯನ್ ಸಮುದ್ರದ ಕೋಸ್, ಲೆರೋಸ್ ಮೊದಲಾದ ದ್ವೀಪಗಳಲ್ಲಿ ಸೈನ್ಯವನ್ನಿಳಿಸಿದರು. ಅಕ್ಟೋಬರ್ ಮೊದಲ ವಾರದಲ್ಲಿ ಜರ್ಮನರು ಕೋಸ್ ದ್ವೀಪವನ್ನೂ ಅದರ ವಿಮಾನನಿಲ್ದಾಣವನ್ನೂ ಕಿತ್ತುಕೊಂಡರು. ಹತ್ತಿರದಲ್ಲಿ ನೆಲೆಯಿಲ್ಲದೆ ಬ್ರಿಟಿಷರ ಕಾಳಗದ ವಿಮಾನಗಳು ನಿಸ್ಸಹಾಯಕವಾದುವು. ನವೆಂಬರ್ 12ರಂದು ಲೆರೋಸಿನ ಮೇಲೆ ಆಕ್ರಮಣವಾಯಿತು. 16ರಂದು ಅಲ್ಲಿಯ ದಂಡು ಶರಣಾಯಿತು. ಸಾವಿರಾರು ಮಂದಿ ಸೆರೆಯಾದರು. ಅಲ್ಲಿ ಬಂಡೆಯನ್ನೇರಿ ಬಂದು ಎಲ್ಲರನ್ನೂ ಉಳಿಸಿದ ಐವರು ವೀರರಿರಲಿಲ್ಲ. ಚರಿತ್ರೆ ಎಲ್ಲಿ ಸೋತಿತೋ ಅಲ್ಲಿ ಕಾದಂಬರಿ ಗೆದ್ದಿತು. ಈ ಸಾಹಿತ್ಯದ ಸುಖದ ಮರ್ಮ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ.

ಇಂಥ ಗೆಲುವನ್ನು ಬಯಸುವುದು ಯುದ್ಧವನ್ನರಿಯದವರ ಚಪಲವೆಂದು ಆಕ್ಷೇಪಿಸುವವರಿದ್ದಾರೆ. ಆದರೆ ಜಾನ್ ಬಕನ್ ಎಂಬಾತನು 1915ರಲ್ಲಿ ಪ್ರಕಟಿಸಿದ ‘ದಿ ಥರ್ಟಿನೈನ್ ಸ್ಟೆಪ್ಸ್’ ಎಂಬ ಗೂಢಚಾರರ ಕಥೆಯನ್ನು ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿದ್ದ ಸೈನಿಕರೇ ಆಸೆಯಿಂದ ಓದಿದರು. ಬಕನ್ ಅದನ್ನು ರಚಿಸಿದ್ದು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ. ಅಗ್ಗದ ರೋಮಾಂಚಕ ಕಥೆಗಳ ಸಾಲಿಗೆ ಅದನ್ನು ಸೇರಿಸಿದವನೂ ಆತನೇ. ಕೆಸರಿನಲ್ಲಿ ಕುಳಿತು ಗುಂಡಿನ ಸಪ್ಪಳ ಕೇಳುತ್ತಿದ್ದವರಿಗೆ ಯುದ್ಧವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಬ್ಬನ ಜಾಣ್ಮೆಗೂ ಧೈರ್ಯಕ್ಕೂ ಬೆಲೆಯಿರುವ ಒಂದು ಲೋಕ ಕೆಲವು ಗಳಿಗೆಯಾದರೂ ಅವರಿಗೆ ಬೇಕಾಗಿತ್ತು.

ನಮ್ಮ ಕಡೆಯವರಿಗೆ ಈ ರಸ ಅಪರಿಚಿತವೇನಲ್ಲ. ಗದ್ದೆಯ ಬಯಲಿನಲ್ಲಿ ಇರುಳಿಡೀ ಕುಳಿತು ಯಕ್ಷಗಾನ ನೋಡುವವರು ಚೆಂಡೆಯ ಅಬ್ಬರಕ್ಕೆ ಮೈ ಝುಮ್ಮೆನಿಸಿಕೊಳ್ಳುತ್ತಾರೆ. ಬಣ್ಣದ ವೇಷದ ಅಟ್ಟಹಾಸಕ್ಕೆ ಮಕ್ಕಳು ತಾಯಂದಿರ ಸೆರಗು ಹಿಡಿಯುತ್ತಾರೆ. ರಂಗದಲ್ಲಿ ಹತನಾದವನು ಚೌಕಿಗೆ ಹೋಗಿ ಬಣ್ಣ ತೆಗೆಯುತ್ತಾನೆ, ಮರುದಿನ ಇನ್ನೊಂದೂರಿನಲ್ಲಿ ಗೆಜ್ಜೆ ಕಟ್ಟುತ್ತಾನೆ. ಇದನ್ನರಿತೇ ನಾವು ಸುಖಿಸುತ್ತೇವೆ. ರಣಸಾಹಸದ ಕಾದಂಬರಿಯೂ ಅಂಥದೇ ಒಂದು ಆಟ.

ಆದರೆ ಆಟಕ್ಕೆ ಚೌಕಿಯುಂಟೆಂಬುದನ್ನು ಮರೆಯಬಾರದು. ಇಂಥ ಕಥೆಗಳಲ್ಲಿ ಸಾಯುವ ಶತ್ರುವಿಗೆ ಬಹುಮಟ್ಟಿಗೆ ಹೆಸರಿಲ್ಲ, ಮನೆಯಿಲ್ಲ, ಅವನಿಗಾಗಿ ಅಳುವವರಿಲ್ಲ. ನಿಜವಾದ ರಣರಂಗದಲ್ಲಿ ಹಾಗೆ ಸಾಯುವವನು ಒಬ್ಬನೂ ಇಲ್ಲ. ಮೆಕ್ಲೀನನಿಗೆ ಇದು ಗೊತ್ತಿತ್ತು. 1955ರಲ್ಲಿ ಬಂದ ಆತನ ಮೊದಲನೆಯ ಕಾದಂಬರಿ ‘ಎಚ್.ಎಂ.ಎಸ್. ಯುಲಿಸಿಸ್’ ಹಿಮಸಾಗರದ ಮೂಲಕ ರಷ್ಯಕ್ಕೆ ಸಾಮಗ್ರಿ ಒಯ್ಯುವ ಹಡಗುಗಳಿಗೆ ಬೆಂಗಾವಲಾದ ಯುದ್ಧನೌಕೆಯೊಂದರ ಕಥೆ. ಅದೇ ಮಾರ್ಗದಲ್ಲಿ ಸಾಗಿದ ‘ಪಿ.ಕ್ಯೂ. 17’ ಎಂಬ ಹಡಗುಸಾಲಿನ 24 ಸರಕುಹಡಗುಗಳು 1942ರ ಜುಲೈ ತಿಂಗಳಲ್ಲಿ ಮುಳುಗಿಹೋಗಿದ್ದುವು. ಆ ಮೊದಲ ಕಾದಂಬರಿಯಲ್ಲಿ ಚಳಿ, ದಣಿವು, ಸಾವುಗಳೇ ತುಂಬಿವೆ. ಗೆಲುವಿನ ನಲಿವು ಅದರಲ್ಲಿಲ್ಲ. ಯುದ್ಧದ ಆ ಮುಖವನ್ನು ಬರೆದು ಮುಗಿಸಿದ ಮೇಲೆಯೇ ಆತ ನವರೋನಿನ ಆಟವನ್ನು ಹೂಡಿದ್ದು.

ಆದುದರಿಂದ ವಿದ್ಯಾರ್ಥಿಮಿತ್ರರಿಗೆ ನಮ್ಮ ಸೂಚನೆಯಿಷ್ಟೆ: ಈ ಕಾದಂಬರಿಗಳನ್ನು ಮುಚ್ಚಿಟ್ಟು ಓದಬೇಡಿರಿ, ಬಿಡುವಿನ ವೇಳೆಯಲ್ಲಿ ಬೆಳಕಿನಲ್ಲಿ ಕುಳಿತು ನಿಸ್ಸಂಕೋಚವಾಗಿ ಓದಿ ಆನಂದಿಸಿರಿ. ಓದಿ ಮುಗಿಸಿದ ಮೇಲೆ ಭೂಪಟವನ್ನು ಬಿಡಿಸಿ ಏಜಿಯನ್ ಸಮುದ್ರದಲ್ಲಿ ಲೆರೋಸ್ ಎಂಬ ಚುಕ್ಕೆಯನ್ನು ಹುಡುಕಿರಿ. ನವರೋನ್ ಅಲ್ಲಿ ಕಾಣಿಸದು, ಲೆರೋಸ್ ಕಾಣಿಸುತ್ತದೆ. ಇವೆರಡರ ಅಂತರವನ್ನರಿತವನಿಗೆ ಇಂಥ ಪುಸ್ತಕಗಳಿಂದ ಹಾನಿಯಿಲ್ಲ. ಸುಖವಂತೂ ಖಂಡಿತವಾಗಿ ಉಂಟು.