ಅಕ್ಕತಂಗಿಯರ ಮಕ್ಕಳಿಗೆ ಪಟ್ಟ

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ತುಳುನಾಡಿಗೆ ಬಂದಾಗ ಉಳ್ಳಾಲದ ರಾಣಿಯನ್ನು ನೋಡುವ ಆಸೆ ಹೊತ್ತಿದ್ದ. ಆಕೆ ಎದುರಾದದ್ದು ಬೀದಿಯಲ್ಲಿ. ಬರಿಗಾಲು, ಸೊಂಟಕ್ಕೊಂದು ಹತ್ತಿಬಟ್ಟೆ. ಆಳೊಬ್ಬ ತಾಳೆಗರಿಯ ದೊಡ್ಡ ಕೊಡೆ ಹಿಡಿದಿದ್ದ. ಗದ್ದೆಗೆ ನೀರು ಹಾಯಿಸುವ ಕಾಲುವೆಯ ಕೆಲಸ ನೋಡಲು ರಾಣಿ ನಡೆದೇ ಹೊರಟಿದ್ದಳು. ಕಣ್ಣಿಗೆ ಅಡುಗೆಯವಳಂತೆ ಕಂಡವಳು ಬಾಯಿ ತೆರೆದಾಗ ವಿವೇಕವಂತೆಯಂತೆ ಮಾತಾಡಿದಳೆಂದು ಅವನೇ ಬರೆದಿಟ್ಟಿದ್ದಾನೆ. ಕಾಲುವೆಯ ಕೆಸರಿಗಿಳಿಯುವ ಅರಸಿ! ನನಗೆ ಇದಕ್ಕಿಂತ ದೊಡ್ಡ ರಾಜಠೀವಿ ಕಾಣುವುದಿಲ್ಲ.

ಆಕೆ ಯಾರದೋ ವಿಧವೆಯಾಗಿ ಗದ್ದುಗೆ ಏರಿದವಳಲ್ಲ, ಮಗನ ಪರವಾಗಿ ಆಳಿದವಳೂ ಅಲ್ಲ. ಚೌಟರ ಮನೆಯಲ್ಲಿ ಹುಟ್ಟಿದ್ದೇ ಅವಳ ಹಕ್ಕು. ತುಳುನಾಡಿನ ಚೌಟ, ಬಂಗ, ಅಜಿಲ ಮುಂತಾದ ಜೈನ ಅರಸುಮನೆತನಗಳಲ್ಲಿ ನಡೆದದ್ದು ಅಳಿಯಸಂತಾನ ಕಟ್ಟು. ಅರಸನ ಮಗ ತನ್ನ ತಾಯಿಯ ಕುಟುಂಬಕ್ಕೆ ಸೇರಿದವನು, ಅವನಿಗೆ ಅಪ್ಪನ ಪಟ್ಟವಿಲ್ಲ. ಪಟ್ಟ ಅರಸನ ಅಕ್ಕತಂಗಿಯರ ಮಕ್ಕಳಿಗೆ; ಗಂಡಿಲ್ಲದಿದ್ದರೆ ಹೆಣ್ಣಿಗೆ. ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕನನ್ನು ಉಳ್ಳಾಲದಲ್ಲಿ ಕೂರಿಸಿದವನು ಅವಳ ಸೋದರಮಾವ ತಿರುಮಲರಾಯ ಚೌಟ. ಆ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಎನ್ನುವ ಇತಿಹಾಸಕಾರರೂ ಇದ್ದಾರೆ.

ಈ ಕಟ್ಟಿನ ಮೂಲಕ್ಕೆ ಹಿರಿಯರು ಹೇಳುವುದು ಭೂತಾಳಪಾಂಡ್ಯನ ಕಥೆ. ಕುಂಡೋದರ ಭೂತ ಬಲಿ ಕೇಳಿದಾಗ ಅರಸನ ಹೆಂಡತಿ ಮಗನನ್ನು ಕೊಡಲೊಲ್ಲಳು. ತಂಗಿ ತನ್ನ ಮಗನನ್ನು ಮುಂದೆ ಮಾಡಿದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು. ಅಂದಿನಿಂದ ಆಸ್ತಿಯೂ ಪಟ್ಟವೂ ಅಳಿಯನಿಗಾಯಿತಂತೆ.

ಅರಸೊತ್ತಿಗೆ ಹೋದ ಮೇಲೂ ಕಟ್ಟು ಬಂಟರೇ ಮೊದಲಾದವರ ಮನೆಗಳಲ್ಲಿ ಉಳಿಯಿತು. ಕುಟುಂಬದ ಆಸ್ತಿ ಕವರುಗಳ, ಅಂದರೆ ಹೆಣ್ಣುಸಂತತಿಯ ಕವಲುಗಳ, ನಡುವೆ ಪಾಲಾಗಲು 1949ರ ಮದರಾಸು ಕಾಯ್ದೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹಳೆಯ ಕ್ರಮ ಬಹುಮಟ್ಟಿಗೆ ಕರಗಿತು. ಯಜಮಾನಿಕೆ ಹೆಚ್ಚಾಗಿ ಮಾವಂದಿರ ಕೈಯಲ್ಲಿ ಇರುತ್ತಿದ್ದುದು ನಿಜ, ವ್ಯಾಜ್ಯಗಳೂ ಕಡಿಮೆಯಿರಲಿಲ್ಲ. ಆದರೆ ಹೆಣ್ಣು ಹುಟ್ಟಿದರೆ ಕುಟುಂಬ ಬೆಳೆಯಿತೆಂದು ಹಿಗ್ಗುವ ಮನೆಗಳು ನಮ್ಮಲ್ಲಿ ಎಷ್ಟಿದ್ದವು?

ಮೂಡುಬಿದಿರೆಗೆ ಹೋಗುವವರು ಸಾವಿರ ಕಂಬದ ಬಸದಿ ನೋಡಿ ಮರಳಿಬಿಡುತ್ತಾರೆ. ಅದೇ ಊರಲ್ಲಿ ಚೌಟರ ಅರಮನೆಯಿದೆ. ಅದರ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರ ಮೈ ಹೆಣೆದು ಆನೆ ಮಾಡಿದ ನವನಾರೀಕುಂಜರ, ಐವರಿಂದ ಕುದುರೆಯಾದ ಪಂಚನಾರೀತುರಗದ ಕೆತ್ತನೆಗಳಿವೆ. ಮಕ್ಕಳನ್ನೂ ಕರೆದೊಯ್ದು ತೋರಿಸಿ. ಅಬ್ಬಕ್ಕನ ಕತ್ತಿಯ ಕಥೆ ಅವರಿಗೆ ಗೊತ್ತು. ಗದ್ದುಗೆ ಅವಳಿಗೆ ಹೇಗೆ ಬಂತೆಂಬುದನ್ನೂ ಹೇಳಿ.